ವಾಂಖೆಡೆಗೆ ನನ್ನ ಕಾಲ್ಗುಣ ಸರಿಯಿಲ್ಲ. ನಾಳೆ ಹೋಗಲೋ, ಬೇಡವೋ?

ಡೊಂಬಿವಲಿ ಸ್ಲೋ
ಭಾನುವಾರ, ಏಪ್ರಿಲ್ 6, 2025, ಸಂಜೆ 4:40

ಎಲ್ಲರಿಗೂ ರಾಮನವಮಿಯ ಶುಭಾಶಯ. ಬೆಳಗ್ಗೆಯಿಂದ ನಾಲ್ಕು ಮನೆಯ ಪಾನಕ, ಮೂರು ಮನೆಯ ಕೋಸಂಬರಿ ಆಗಿದೆ. ಮಧ್ಯಾಹ್ನ ನಿದ್ದೆ ಬರಬೇಕಿತ್ತು, ಬರಲಿಲ್ಲ. ನಾಳೆ ರಾತ್ರಿ ಏಳೂವರೆಗೆ ವಾಂಖೆಡೆ ಸ್ಟೇಡಿಯಂನಲ್ಲಿ ಐಪಿಎಲ್ ಪಂದ್ಯ, ಮುಂಬೈ ಇಂಡಿಯನ್ಸ್ ಮತ್ತು ನಮ್ಮ ಆರ್‌ಸಿಬಿ. ಎರಡು ಟಿಕೆಟ್ ಇವೆ. ನನಗೊಂದು, ಮಗನಿಗೊಂದು. ಟಿಕೆಟ್ ಹೇಗೆ ಸಿಕ್ಕಿತು ಎಂಬುದು ಬೇರೆಯದೇ ಪುರಾಣ, ಅದು ಬೇಡ.

ಕಷ್ಟ ಏನೆಂದರೆ, ನಾನು ಹೋದರೆ ಆರ್‌ಸಿಬಿ ಸೋಲುತ್ತದೆ. ನಗಬೇಡಿ. ಲೆಕ್ಕ ಕೇಳಿ.

ವಾಂಖೆಡೆಯಲ್ಲಿ ನಾವು ಕೊನೆಯ ಸಲ ಗೆದ್ದಿದ್ದು 2015ರ ಮೇ 10, ಭಾನುವಾರ. ಎಬಿ ಡಿವಿಲಿಯರ್ಸ್ 59 ಎಸೆತದಲ್ಲಿ ಔಟಾಗದೆ 133. ಕೊಹ್ಲಿ ಔಟಾಗದೆ 82. ಒಂದೇ ವಿಕೆಟ್‌ಗೆ 235. ಆ ಪಂದ್ಯಕ್ಕೂ ನನ್ನ ಹತ್ತಿರ ಟಿಕೆಟ್ ಇತ್ತು. ಆದರೆ ಅದೇ ದಿನ ಕುಂದಾಪುರದ ಹತ್ತಿರ, ಹೆಂಡತಿಯ ತವರಿನಲ್ಲಿ, ಮಗನ ನಾಮಕರಣ ಇಟ್ಟುಕೊಂಡರು. ಕ್ರಿಕೆಟ್ ಇದೆ, ದಿನ ಬದಲಾಯಿಸಿ ಎನ್ನುವ ಧೈರ್ಯ ಯಾವ ಅಳಿಯನಿಗಿದೆ? ಟಿಕೆಟ್ ಭಾವನಿಗೆ ಕೊಟ್ಟು ಬಸ್ ಹತ್ತಿದೆ.

ಊಟ ಮುಗಿದು, ಪಾಯಸದ ಪಾತ್ರೆ ತೊಳೆಯಲು ಹಾಕುವ ಹೊತ್ತಿಗೆ ಅಲ್ಲಿ ಆಟ ಶುರು. ಆ ಮನೆಯಲ್ಲಿ ಆಗ ನೆಟ್‌ವರ್ಕ್ ಸಿಗುತ್ತಿದ್ದದ್ದು ಬಾವಿಕಟ್ಟೆಯ ಪಕ್ಕ ಮಾತ್ರ. ಅದೂ ಕೈ ಎತ್ತಿ ಹಿಡಿದರೆ. ಹೊಸ ಪಂಚೆ ಉಟ್ಟು, ಹೆಗಲ ಮೇಲೆ ಶಾಲು ಹಾಕಿಕೊಂಡು, ಒಂದು ಕೈ ಮೇಲೆತ್ತಿ ನಿಂತಿದ್ದೆ. ಭಾವನ ಮೆಸೇಜುಗಳು ಹತ್ತು ನಿಮಿಷಕ್ಕೊಮ್ಮೆ ಒಟ್ಟಿಗೆ ಬಂದು ಬೀಳುತ್ತಿದ್ದವು. ‘ಎಬಿ 50’. ‘ಎಬಿಗೆ ಹುಚ್ಚು ಹಿಡಿದಿದೆ’. ‘ಎಬಿ 100’. ಆಮೇಲೆ ಬರೀ ‘ಅಯ್ಯೋ ಅಯ್ಯೋ ಅಯ್ಯೋ’. ನಮ್ಮ ಮಾವ ಜಗಲಿಯಿಂದ ನೋಡಿ, ಪಾಪ, ಅಳಿಯನಿಗೆ ಆಫೀಸಿನ ಕಾಟ ಇಲ್ಲೂ ತಪ್ಪಲಿಲ್ಲ ಎಂದು ಮರುಗಿದರಂತೆ.

ಅಲ್ಲಿಂದ ಈಚೆಗೆ 2016, 2017, 2018, 2019, 2023, 2024. ಆರು ಸಲ ಹೋದೆ, ಆರು ಸಲವೂ ಸೋತೆವು. 2019ರಲ್ಲಿ ಇನ್ನೇನು ಗೆದ್ದೆವು ಎನ್ನುವಾಗ ಹಾರ್ದಿಕ್ ಪಾಂಡ್ಯ 16 ಎಸೆತದಲ್ಲಿ 37 ಚಚ್ಚಿದ. ಹೋದ ವರ್ಷ 196 ಹೊಡೆದು ಆರಾಮಾಗಿ ಕೂತಿದ್ದೆವು. ಅವರು 15.3 ಓವರಿನಲ್ಲಿ ಮುಗಿಸಿ ಮನೆಗೆ ಕಳಿಸಿದರು. ಇದಕ್ಕೆ ಇಲ್ಲಿಯವರು ಪನೌತಿ ಅನ್ನುತ್ತಾರೆ. ನಮ್ಮಲ್ಲಿ ಕಾಲ್ಗುಣ.

ಈಗ ಆ ನಾಮಕರಣದ ಮಗುವಿಗೆ ಹತ್ತು ವರ್ಷ. ಅವನಿಗೆ ಹೆಸರಿಟ್ಟ ದಿನದಿಂದ ಇಂದಿನವರೆಗೆ ವಾಂಖೆಡೆಯಲ್ಲಿ ನಾವು ಗೆದ್ದಿಲ್ಲ. ಇನ್ನೂ ಒಂದು ವಿಷಯ ಇದೆ, ಹೇಳಲು ನಾಚಿಕೆ. ಅವನು ಮುಂಬೈ ಫ್ಯಾನ್.

ಹೇಳಿ. ಹೋಗಲೋ, ಬೇಡವೋ?

ಪೊವಾಯಿ ಪಾರ್ಸೆಲ್
ಸಂಜೆ 4:52

ಅಣ್ಣಾ, ಮಗ ಮುಂಬೈ ಫ್ಯಾನ್ ಆಗುವವರೆಗೆ ನೀವು ಏನು ಮಾಡುತ್ತಿದ್ದಿರಿ?

ಡೊಂಬಿವಲಿ ಸ್ಲೋ
ಸಂಜೆ 4:55

ಲೋಕಲ್‌ನಲ್ಲಿ ನಿಂತಿದ್ದೆ ಮಾರಾಯ. ಬೆಳಗ್ಗೆ ಒಂದೂಕಾಲು ಗಂಟೆ, ಸಂಜೆ ಒಂದೂಕಾಲು ಗಂಟೆ. ಅಷ್ಟರಲ್ಲಿ ಬುಮ್ರಾ ಅವನನ್ನು ಎತ್ತಿಕೊಂಡು ಹೋದ.

ಅಂಕಿ ಅಣ್ಣ
ಸಂಜೆ 5:03

ಒಂದು ತಿದ್ದುಪಡಿ. ‘ವಾಂಖೆಡೆಯಲ್ಲಿ ಕೊನೆಯ ಸಲ ಗೆದ್ದಿದ್ದು 2015’ ಎಂದು ಬರೆದಿದ್ದೀರಿ. ಮುಂಬೈ ವಿರುದ್ಧ ಎಂದು ಸೇರಿಸಬೇಕು. 2022ರಲ್ಲಿ ಲೀಗ್ ಪಂದ್ಯಗಳೆಲ್ಲ ಮುಂಬೈ, ನವಿ ಮುಂಬೈ, ಪುಣೆಯಲ್ಲೇ ನಡೆದವು. ಆಗ ಇದೇ ವಾಂಖೆಡೆಯಲ್ಲಿ ಆರ್‌ಸಿಬಿ ರಾಜಸ್ಥಾನ, ಡೆಲ್ಲಿ, ಹೈದರಾಬಾದ್, ಗುಜರಾತ್ ನಾಲ್ಕನ್ನೂ ಸೋಲಿಸಿದೆ. ಮೈದಾನದ ಮೇಲೆ ತಪ್ಪು ಹೊರಿಸಬೇಡಿ.

ಡೊಂಬಿವಲಿ ಸ್ಲೋ
ಸಂಜೆ 5:06

ಆ ನಾಲ್ಕಕ್ಕೂ ನಾನು ಹೋಗಿರಲಿಲ್ಲ.

ಅಂಕಿ ಅಣ್ಣ
ಸಂಜೆ 5:07

ಓ.

ಘಾಟ್ಕೋಪರ್ ನೀಲಿ
ಸಂಜೆ 5:15

ನಾನು ಕನ್ನಡಿಗನೇ, ಮನೆ ಮಾತು ಕನ್ನಡವೇ, ಆದರೆ ಮುಂಬೈ ಫ್ಯಾನ್. ಬೈಯುವವರು ಈಗಲೇ ಬೈದು ಮುಗಿಸಿ. ಅಪ್ಪ ವಿಜಯಪುರದ ಇಂಡಿಯಿಂದ ಬಂದು ಇಲ್ಲಿ ಕೆಲಸ ಹಿಡಿದರು. ನಾನು ಹುಟ್ಟಿದ್ದು ಇಲ್ಲಿ, ಗಲ್ಲಿಯಲ್ಲಿ ಟೆನಿಸ್ ಬಾಲ್ ಆಡಿದ್ದು ಇಲ್ಲಿ. ಬೆಂಗಳೂರಿಗೆ ಜೀವಮಾನದಲ್ಲಿ ಎರಡು ಸಲ ಹೋಗಿದ್ದೇನೆ, ಎರಡೂ ಮದುವೆಗೆ. ಊರಿನ ತಂಡ ಅಂದರೆ ನನಗೆ ಯಾವುದು, ನೀವೇ ಹೇಳಿ.

ಅಣ್ಣಾ, ನೀವು ದಯವಿಟ್ಟು ಬನ್ನಿ. ನಮಗೆ ನಿಮ್ಮ ಅಗತ್ಯ ಬಹಳ ಇದೆ. ನಾಲ್ಕರಲ್ಲಿ ಮೂರು ಸೋತು ಕೂತಿದ್ದೇವೆ. ಮೊನ್ನೆ ಲಕ್ನೋದಲ್ಲಿ ತಿಲಕ್ ವರ್ಮಾನನ್ನು ಅರ್ಧಕ್ಕೆ ವಾಪಸ್ ಕರೆದು ನಗೆಪಾಟಲಾಯಿತು, ಪಂದ್ಯವೂ 12 ರನ್ನಿನಿಂದ ಹೋಯಿತು. ರೋಹಿತ್ ಮೂರು ಪಂದ್ಯದಲ್ಲಿ 0, 8, 13. ಒಂದೇ ಸಮಾಧಾನ ಅಂದರೆ ಬುಮ್ರಾ ಬಂದಿದ್ದಾನೆ. ನಾಳೆ ಆಡುತ್ತಾನೆ ಎಂದು ಇವತ್ತು ಕೋಚ್ ಜಯವರ್ಧನೆಯೇ ಹೇಳಿದ್ದಾರೆ.

ಪೊವಾಯಿ ಪಾರ್ಸೆಲ್
ಸಂಜೆ 5:21

ಜನವರಿಯ ಸಿಡ್ನಿ ಟೆಸ್ಟ್ ಆದ ಮೇಲೆ ಮನುಷ್ಯ ಒಂದು ಪಂದ್ಯ ಆಡಿಲ್ಲ. ಮೂರು ತಿಂಗಳು ಬೆನ್ನು ನೋವು. ವಾಪಸ್ ಬರುವುದಕ್ಕೆ ನಮ್ಮ ಪಂದ್ಯವೇ ಸಿಗಬೇಕಿತ್ತಾ? ಹೋದ ವರ್ಷ ಇಲ್ಲೇ 21 ರನ್ನಿಗೆ 5 ವಿಕೆಟ್. ಕೊಹ್ಲಿಯನ್ನು 3ಕ್ಕೆ ಕಳಿಸಿದ. 2013ರಲ್ಲಿ ಅವನ ಮೊದಲ ಐಪಿಎಲ್ ವಿಕೆಟ್ಟೂ ಕೊಹ್ಲಿಯೇ. ಯಾವ ಜನ್ಮದ ಋಣವೋ.

ವಾಕಡ್‌ನಿಂದ
ಸಂಜೆ 5:34

ಪುಣೆಯಿಂದ ಒಂದು ಸಾಕ್ಷಿ. 2022ರ ಏಪ್ರಿಲ್ 9, ಗಹುಂಜೆ ಸ್ಟೇಡಿಯಂ. ಆರ್‌ಸಿಬಿ ಮುಂಬೈಯನ್ನು 7 ವಿಕೆಟ್‌ಗಳಿಂದ ಸೋಲಿಸಿತು. ನಾನಿದ್ದೆ. ಅನುಜ್ ರಾವತ್ 66 ಹೊಡೆದ. ನನ್ನ ಕಾಲ್ಗುಣ ಬಂಗಾರ. ಟಿಕೆಟ್ ನನಗೆ ಕೊಡಿ ಅಣ್ಣಾ, ಬೆಳಗ್ಗೆ ಡೆಕ್ಕನ್ ಕ್ವೀನ್ ಹಿಡಿದು ಬರುತ್ತೇನೆ. ಊಟ ನಂದೇ.

ಡೊಂಬಿವಲಿ ಸ್ಲೋ
ಸಂಜೆ 5:36

ಬಂದರಲ್ಲ ಒಬ್ಬರು. ಬೆಳಗ್ಗೆಯಿಂದ ಇಂಥವರು ಹನ್ನೊಂದು ಜನ. ನಮ್ಮ ಬಿಲ್ಡಿಂಗಿನ ಒಬ್ಬ ಪುಣ್ಯಾತ್ಮ ಮೂರು ಪಟ್ಟು ದುಡ್ಡು ಕೊಡುತ್ತೇನೆ ಎಂದ. ಇವನು ನಾಲ್ಕು ಪಟ್ಟಿಗೆ ಇನ್ಯಾರಿಗೋ ಮಾರುತ್ತಾನೆ ಅಂತ ಗೊತ್ತು, ಅದಕ್ಕೇ ಕೊಡಲಿಲ್ಲ.

ಮುಲುಂಡ್ ಮಲ್ಲಿಗೆ
ಸಂಜೆ 5:50

ಕಾಲ್ಗುಣದ ಮಾತು ಇಲ್ಲಿಗೇ ನಿಲ್ಲಿಸಿ ಅನ್ನುವುದು ನನ್ನ ವಿನಂತಿ. ನಿಮಗೆ ಇದು ತಮಾಷೆ. ನಾನು ಮದುವೆಯಾಗಿ ಬಂದ ತಿಂಗಳಲ್ಲೇ ನಮ್ಮ ಮಾವನ ಹೋಟೆಲಿನ ಲೀಸ್ ಮುಗಿಯಿತು. ಅದಕ್ಕೆ ನನ್ನ ಕಾಲೇ ಕಾರಣ ಎಂದು ಹತ್ತು ವರ್ಷ ಕೇಳಿಸಿಕೊಂಡಿದ್ದೇನೆ. ಲೀಸ್ ಬರೆದದ್ದು ನಾನು ಹುಟ್ಟುವುದಕ್ಕೆ ಮೊದಲು!

ಇನ್ನು ಯಾರೋ ಬಂದು, ಕಾಲ್ಗುಣ ಅಪ್ಪನದಲ್ಲ, ಮಗುವಿನದು ಎಂದು ಬರೆಯುತ್ತಾರೆ. ಅದಕ್ಕೆ ಮೊದಲೇ ಹೇಳುತ್ತಿದ್ದೇನೆ.

ಮತ್ತೆ, ಕಪ್ ಕಪ್ ಅಂತ ಹದಿನೆಂಟು ವರ್ಷದಿಂದ ಬಡಿದಾಡುತ್ತೀರಲ್ಲ, ಮಹಿಳೆಯರ ಪ್ರೀಮಿಯರ್ ಲೀಗ್ ಗೆದ್ದು ಬೆಂಗಳೂರಿಗೆ ಕಪ್ ತಂದವರು ಹುಡುಗಿಯರು. 2024ರ ಮಾರ್ಚ್ 17, ಡೆಲ್ಲಿ. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4. ಆ ದಿನ ಯಾರ ಕಾಲು ಎಲ್ಲಿತ್ತು?

ಪೊವಾಯಿ ಪಾರ್ಸೆಲ್
ಸಂಜೆ 5:52

(ನಾನು ಅದನ್ನೇ ಬರೆಯುತ್ತಿದ್ದೆ ಅಕ್ಕ. ಅಳಿಸಿದೆ.)

ವಾಕಡ್‌ನಿಂದ
ಸಂಜೆ 5:58

ರಾಮನವಮಿ ದಿನ ಒಂದು ಮಾತು. ರಾಮನ ವನವಾಸವೂ ಹದಿನಾಲ್ಕು ವರ್ಷಕ್ಕೆ ಮುಗಿಯಿತು. ನಮ್ಮ ಹುಡುಗರದು ಹದಿನೆಂಟನೆಯ ವರ್ಷ ನಡೆಯುತ್ತಿದೆ.

ಮಡಗಾಂವ್ ಮಳೆ
ಸಂಜೆ 6:05

ನೀವೆಲ್ಲ ನಾಳೆಯ ಚಿಂತೆಯಲ್ಲಿದ್ದೀರಿ. ನನ್ನದು ಇವತ್ತು. ಫತೋರ್ಡಾ ಸ್ಟೇಡಿಯಂ ಹೊರಗೆ ನಿಂತು ಬರೆಯುತ್ತಿದ್ದೇನೆ. ಐಎಸ್ಎಲ್ ಫುಟ್‌ಬಾಲ್ ಸೆಮಿಫೈನಲ್, ಎರಡು ಪಂದ್ಯಗಳಲ್ಲಿ ಎರಡನೆಯದು, ಎಫ್‌ಸಿ ಗೋವಾ ಮತ್ತು ಬೆಂಗಳೂರು. ಬುಧವಾರ ಕಂಠೀರವದಲ್ಲಿ ನಾವು 2–0 ಗೆದ್ದಿದ್ದೇವೆ. ಅದೇ ಹೊತ್ತಿಗೆ ಒಂದು ಕೂಗಳತೆ ದೂರದ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಗುಜರಾತ್ ಕೈಯಲ್ಲಿ 8 ವಿಕೆಟ್‌ನಿಂದ ಸೋತಿತ್ತು. ಒಂದೇ ಊರು, ಒಂದೇ ರಾತ್ರಿ!

ಇಲ್ಲಿ ಎಲ್ಲೆಲ್ಲೂ ಕಿತ್ತಳೆ ಬಣ್ಣ. ನಾನು ನೀಲಿ ಅಂಗಿಯ ಮೇಲೆ ಹೆಂಡತಿಯ ದುಪಟ್ಟಾ ಹೊದ್ದುಕೊಂಡು ಬಂದಿದ್ದೇನೆ. ನನ್ನ ಜೊತೆ ವಾಸ್ಕೋದ ಇಬ್ಬರು ಹುಡುಗರಿದ್ದಾರೆ, ಗದಗದ ಕಡೆಯವರು. ಹುಟ್ಟಿ ಬೆಳೆದದ್ದು ಗೋವಾದಲ್ಲೇ, ಹಾಗಾಗಿ ಅವರು ಗೋವಾ ಕಡೆ. ಘಾಟ್ಕೋಪರ್ ತಮ್ಮಾ, ನಿನ್ನಂಥವರು ಇಲ್ಲೂ ಇದ್ದಾರೆ.

ವಾಕಡ್‌ನಿಂದ
ಸಂಜೆ 6:20

ಊರಿನ ತಂಡದ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಈ ಸಲ ಆರ್‌ಸಿಬಿಯಲ್ಲಿ ಕನ್ನಡಿಗರು ಎಷ್ಟು ಜನ? ಪಡಿಕ್ಕಲ್ ಇದ್ದಾನೆ. ರಾಯಚೂರಿನ ಮನೋಜ್ ಭಾಂಡಗೆ ಇದ್ದಾನೆ, ಬೆಂಚಿನಲ್ಲಿ. ಮುಗಿಯಿತು. ಕೆ.ಎಲ್. ರಾಹುಲ್ ಡೆಲ್ಲಿಗೆ ಆಡುತ್ತಾ ನಿನ್ನೆಯಷ್ಟೇ ಚೆಪಾಕ್‌ನಲ್ಲಿ 77 ಹೊಡೆದ. ಕರುಣ್ ನಾಯರ್ ಕೂಡ ಡೆಲ್ಲಿಯಲ್ಲಿ. ಪ್ರಸಿದ್ಧ ಕೃಷ್ಣ ಗುಜರಾತ್‌ನಲ್ಲಿ. ನಾಯಕ ಇಂದೋರಿನವನು, ಕೊಹ್ಲಿ ದಿಲ್ಲಿಯವನು. ನಾನೂ ಆರ್‌ಸಿಬಿಯವನೇ, ಸುಮ್ನೆ ಕೇಳಿದೆ.

ಮಾಟುಂಗಾ ಮಾವ
ಸಂಜೆ 7:10

ದೇವರಿಗೆ ಮಂಗಳಾರತಿ ಆಗಿ ಈಗ ಕೂತೆ. ಎಲ್ಲವನ್ನೂ ಓದಿದೆ. ಡೊಂಬಿವಲಿ, ನಿನಗೆ ಮರೆವು ಜಾಸ್ತಿ. ನಿನ್ನ ಲೆಕ್ಕದಲ್ಲಿ ಒಂದು ಪಂದ್ಯ ಬಿಟ್ಟು ಹೋಗಿದೆ.

2015, ಮಾರ್ಚ್. ನಾಮಕರಣಕ್ಕೆ ಎರಡು ತಿಂಗಳು ಮುಂಚೆ. ನಿನ್ನ ಹೆಂಡತಿ ಹೆರಿಗೆಗೆ ಊರಿಗೆ ಹೋಗಿದ್ದಳು. ನೀನು ಮನೆಯಲ್ಲಿ ಒಬ್ಬನೇ ಇದ್ದು ಮ್ಯಾಗಿ ತಿಂದು ಸೊರಗಿದ್ದೆ. ರಣಜಿ ಫೈನಲ್, ಕರ್ನಾಟಕ ಮತ್ತು ತಮಿಳುನಾಡು, ಇದೇ ವಾಂಖೆಡೆ. ನಾನು ನಿನ್ನನ್ನು ಎಳೆದುಕೊಂಡು ಹೋಗಿದ್ದೆ. ನೆನಪಾಯಿತಾ? ಟಿಕೆಟ್ ಕೇಳಿದವರಿಲ್ಲ. ಅಷ್ಟು ದೊಡ್ಡ ಮೈದಾನದಲ್ಲಿ ನಮ್ಮ ಸ್ಟ್ಯಾಂಡಿನಲ್ಲಿ ಇದ್ದವರನ್ನು ಕೈಬೆರಳಲ್ಲಿ ಎಣಿಸಬಹುದಿತ್ತು.

ಮೊದಲ ದಿನ ವಿನಯ್ ಕುಮಾರ್ 34 ರನ್ನಿಗೆ 5 ಕಿತ್ತು ಅವರನ್ನು 134ಕ್ಕೆ ಮುಗಿಸಿದ. ಆಮೇಲೆ ನಮ್ಮದೇ 84ಕ್ಕೆ 5 ಹೋಯಿತು. ನೀನು ಎದ್ದು ಹೊರಟಿದ್ದೆ. ಕೂರೋ, ಕರುಣ್ ಇದ್ದಾನೆ ಎಂದೆ. ಕರುಣ್ ಮತ್ತು ರಾಹುಲ್ ಸೇರಿ ಆರನೇ ವಿಕೆಟ್‌ಗೆ 386 ಸೇರಿಸಿದರು. ಕರುಣ್ 328. ರಾಹುಲ್ 188. ಕೊನೆಗೆ ಬಂದ ವಿನಯ್ ಕೂಡ ಔಟಾಗದೆ 105 ಹೊಡೆದ. 762! ಇನಿಂಗ್ಸ್ ಮತ್ತು 217 ರನ್‌ನಿಂದ ಗೆದ್ದೆವು. ಸತತ ಎರಡನೇ ವರ್ಷ ರಣಜಿ ನಮ್ಮದಾಯಿತು.

ನನಗೆ ನೆನಪಿರುವುದು ಇನ್ನೊಂದು. ನಮ್ಮ ಮುಂದೆ ಒಬ್ಬ ಸೆಕ್ಯೂರಿಟಿಯವನು ನಿಂತಿದ್ದ. ಅವರ ಕೆಲಸವೇ ಹಾಗೆ, ಮೈದಾನಕ್ಕೆ ಬೆನ್ನು, ಜನರಿಗೆ ಮುಖ. ನಾವು ಮಾಟುಂಗಾದಿಂದ ಕಟ್ಟಿಸಿಕೊಂಡು ಹೋಗಿದ್ದ ಇಡ್ಲಿ ಬಿಚ್ಚಿ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಅವನ ಕಿವಿಗೆ ಬಿತ್ತು. ಮೆಲ್ಲಗೆ ಎರಡು ಮೆಟ್ಟಿಲು ಹತ್ತಿ ಬಂದು ‘ಸರ, ಎಷ್ಟ ಆತ್ರಿ ಸ್ಕೋರು?’ ಎಂದ. ಆಳಂದದ ಕಡೆಯ ಹುಡುಗ. ಇಡೀ ದಿನ ಮೈದಾನದಲ್ಲೇ ಇದ್ದವನು ಒಂದು ಚೆಂಡು ನೋಡಿರಲಿಲ್ಲ. ಆಮೇಲೆ ಪ್ರತಿ ಬೌಂಡರಿಗೂ ನೀನು ಅವನಿಗೆ ಕೈಯಲ್ಲಿ ನಾಲ್ಕು, ಆರು ತೋರಿಸುತ್ತಿದ್ದೆ. ಅವನು ಬರೀ ನಿನ್ನ ಮುಖ ನೋಡಿಕೊಂಡು ಕರುಣನ ಮುನ್ನೂರು ನೋಡಿದ.

ಅಲ್ಲಿ ಎಲ್ಲಿತ್ತು ನಿನ್ನ ಕಾಲ್ಗುಣ?

ಡೊಂಬಿವಲಿ ಸ್ಲೋ
ರಾತ್ರಿ 7:19

ಮಾವ, ಆ ಹುಡುಗನನ್ನು ನಾನು ಪೂರ್ತಿ ಮರೆತಿದ್ದೆ. ಹೌದು. ಕೊನೆಯ ಇಡ್ಲಿ ಅವನಿಗೇ ಕೊಟ್ಟೆವು, ಅಲ್ವಾ?

ಮಾಟುಂಗಾ ಮಾವ
ರಾತ್ರಿ 7:21

ಕೊಟ್ಟಿದ್ದು ನಾನು. ನೀನು ಚಟ್ನಿ ಖಾಲಿ ಮಾಡಿದ್ದೆ.

ಘಾಟ್ಕೋಪರ್ ನೀಲಿ
ರಾತ್ರಿ 7:30

ಮಾವ, ರಣಜಿ ತೆಗೆದರೆ ನಾನೂ ತೆಗೆಯಬೇಕಾಗುತ್ತದೆ. 2010ರ ಜನವರಿ, ಮೈಸೂರು, ಫೈನಲ್‌ನಲ್ಲಿ ನಿಮ್ಮ ಮೇಲೆ ಮುಂಬೈಗೆ 6 ರನ್ ಗೆಲುವು. ಸಾಕಾ?

ಮಾಟುಂಗಾ ಮಾವ
ರಾತ್ರಿ 7:33

338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದ. 331ಕ್ಕೆ ಆಲೌಟ್. ಹದಿನೈದು ವರ್ಷವಾಯಿತು, ನಾನು ಇವತ್ತಿಗೂ ಅದರ ಮಾತು ಎತ್ತುವುದಿಲ್ಲ. ಮನೆಯಲ್ಲಿ ಸಾವಾದಂತೆ ಇತ್ತು. ಆದರೆ ಮಗೂ, 2015ರ ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲಿ ಮುಂಬೈ ಎಷ್ಟಕ್ಕೆ ಆಲೌಟ್ ಆಯಿತು? ಅಂಕಿ ಅಣ್ಣನನ್ನು ಕೇಳು.

ಅಂಕಿ ಅಣ್ಣ
ರಾತ್ರಿ 7:34

44.

ಘಾಟ್ಕೋಪರ್ ನೀಲಿ
ರಾತ್ರಿ 7:35

ಊಟಕ್ಕೆ ಹೊರಟೆ.

ಪೊವಾಯಿ ಪಾರ್ಸೆಲ್
ರಾತ್ರಿ 8:15

ಭಾವನೆ ಆಯಿತು, ಈಗ ಕೆಲಸದ ಮಾತು. ಮೊದಲ ಸಲ ಹೋಗುವವರಿಗೆ ಹೇಳುತ್ತಿದ್ದೇನೆ. ಬ್ಯಾಗ್ ಬೇಡವೇ ಬೇಡ. ನೀರಿನ ಬಾಟಲಿ, ಪವರ್ ಬ್ಯಾಂಕ್ ಗೇಟಿನಲ್ಲೇ ಕಿತ್ತುಕೊಳ್ಳುತ್ತಾರೆ. ಚಿಲ್ಲರೆ ನಾಣ್ಯ ಕೂಡ ಮನೆಯಲ್ಲೇ ಇರಲಿ. ಹೋದ ವರ್ಷ ನನ್ನ ಜೇಬಿನ ನಲವತ್ತು ರೂಪಾಯಿ ಡಬ್ಬಿಗೆ ಹೋಯಿತು. ಒಳಗೆ ಊಟ ತುಟ್ಟಿ, ಚರ್ಚ್‌ಗೇಟ್ ಸ್ಟೇಷನ್‌ನಲ್ಲೇ ವಡಾಪಾವ್ ಮುಗಿಸಿ.

ನಾಳೆ ಸೋಮವಾರ ಆಗಿದ್ದೇ ಒಳ್ಳೆಯದು. ಭಾನುವಾರ ಆಗಿದ್ದರೆ ಸೆಂಟ್ರಲ್ ಲೈನಿನವರಿಗೆ ಹಳಿ ದುರಸ್ತಿಯ ಮೆಗಾ ಬ್ಲಾಕ್ ಗ್ರಹಚಾರ. ಸೋಮವಾರ ಸಂಜೆ ಇಡೀ ಮುಂಬೈ ಫೋರ್ಟ್ ಬಿಟ್ಟು ಮನೆ ಕಡೆ ಓಡುವಾಗ ನೀವು ಎದುರು ದಿಕ್ಕಿಗೆ ಹೋಗುತ್ತೀರಿ. ಕಿಟಕಿ ಸೀಟು ಸಿಕ್ಕರೂ ಸಿಕ್ಕಿತು. ವಾಪಸ್ ಬರುವುದು ಕಷ್ಟ. ಪಂದ್ಯ ಮುಗಿಯುವಾಗ ಹನ್ನೊಂದೂವರೆ. ಡೊಂಬಿವಲಿ ಅಣ್ಣ ಚರ್ಚ್‌ಗೇಟ್‌ನಿಂದ ದಾದರ್‌ಗೆ ಬಂದು ಸೇತುವೆ ದಾಟಿ ಸೆಂಟ್ರಲ್ ಹಿಡಿಯಬೇಕು. ಸೋತರೆ ಎರಡು ಓವರ್ ಮುಂಚೆ ಎದ್ದುಬಿಡಿ, ಗಾಡಿ ಸಿಗುತ್ತದೆ. ಗೆದ್ದರೆ ಹೇಗೂ ಬೆಳಗಿನವರೆಗೆ ಮರೀನ್ ಡ್ರೈವ್ ಇದೆ.

ಮುಲುಂಡ್ ಮಲ್ಲಿಗೆ
ರಾತ್ರಿ 8:24

ಮಗು ಜೊತೆಗಿದೆ ಮಾರಾಯ್ರೆ, ಬೆಳಗಿನವರೆಗೆ ಮರೀನ್ ಡ್ರೈವ್ ಅಂತೆ!

ಕೆಂಪು ಅಂಗಿ ಹಾಕಿದರೆ ಹೊಡೆಯುತ್ತಾರಾ ಎಂದು ನನ್ನ ತಂಗಿ ಕೇಳುತ್ತಿದ್ದಾಳೆ. ಇಲ್ಲ. ಕೊಹ್ಲಿಯ 18 ನಂಬರ್ ಇದ್ದರಂತೂ ವಾಂಖೆಡೆಯಲ್ಲಿ ಎಲ್ಲರೂ ನೆಂಟರೇ. ಹೋದ ವರ್ಷ ಇಲ್ಲಿಯವರೇ ಹಾರ್ದಿಕ್‌ನನ್ನು ಹೀಯಾಳಿಸುವಾಗ, ಹಾಗೆ ಮಾಡಬೇಡಿ ಎಂದು ಮೈದಾನದಿಂದ ಕೈ ಮಾಡಿ ಹೇಳಿದ್ದು ಕೊಹ್ಲಿ. ನಾನು ನೋಡಿದ್ದೇನೆ. ಅದಾದ ಮೇಲೆ ಎರಡೂ ಕಡೆಯವರು ಅವನ ಹೆಸರೇ ಕೂಗಿದರು.

ಮಡಗಾಂವ್ ಮಳೆ
ರಾತ್ರಿ 9:41

ಕೈ ನಡುಗುತ್ತಿದೆ, ತಪ್ಪುಗಳಿದ್ದರೆ ಕ್ಷಮಿಸಿ. ಎರಡನೇ ಅರ್ಧ ಶುರುವಾಗುತ್ತಿದ್ದಂತೆ ಗೋವಾ ಒಂದು ಹೊಡೆಯಿತು. 88ನೇ ನಿಮಿಷಕ್ಕೆ ಇನ್ನೊಂದು. ಎರಡೂ ಪಂದ್ಯ ಸೇರಿ 2–2. ಫತೋರ್ಡಾ ಪೂರ್ತಿ ಎದ್ದು ಕುಣಿಯುತ್ತಿದೆ, ವಾಸ್ಕೋ ಹುಡುಗರು ನನ್ನ ಹೆಗಲ ಮೇಲೇ ಕುಣಿಯುತ್ತಿದ್ದಾರೆ. ಇನ್ನು ಹೆಚ್ಚುವರಿ ಅರ್ಧ ಗಂಟೆ ಎಂದುಕೊಳ್ಳುವಾಗ ಕೊನೆಯ ಗಳಿಗೆಯಲ್ಲಿ ಒಂದು ಕ್ರಾಸ್ ಬಂತು. ಸುನಿಲ್ ಛೇತ್ರಿ ತಲೆ ಕೊಟ್ಟ. 40 ವರ್ಷದ ತಲೆ! ಗೋಲ್!

ಕಿತ್ತಳೆ ಬಣ್ಣದ ಅಷ್ಟು ಜನ ಒಟ್ಟಿಗೆ ಸುಮ್ಮನಾದದ್ದು ನಾನು ಮೊದಲ ಸಲ ಕೇಳಿದೆ. ನಾನು ಒಬ್ಬನೇ ಕಿರುಚಿದೆ. ದುಪಟ್ಟಾ ಎಲ್ಲಿ ಬಿತ್ತೋ ಗೊತ್ತಿಲ್ಲ, ಮನೆಯಲ್ಲಿ ಅದಕ್ಕೆ ಬೇರೆ ಇದೆ.

ಪಂದ್ಯ 1–2 ಸೋತೆವು. ಒಟ್ಟು 3–2, ಫೈನಲ್‌ಗೆ ಹೋದೆವು. ಡೊಂಬಿವಲಿ ಅಣ್ಣಾ, ಇದನ್ನು ನನ್ನ ಕಾಲ್ಗುಣದ ಯಾವ ಖಾತೆಗೆ ಬರೆಯುತ್ತೀರಿ?

ಡೊಂಬಿವಲಿ ಸ್ಲೋ
ರಾತ್ರಿ 9:50

ಗೊತ್ತಿಲ್ಲ ತಮ್ಮಾ. ಆದರೆ ನೀನು ಟಿವಿ ಮುಂದೆ ಕೂತಿದ್ದರೆ ಹೆಂಡತಿಯ ದುಪಟ್ಟಾ ಉಳಿಯುತ್ತಿತ್ತು.

ವಾಕಡ್‌ನಿಂದ
ರಾತ್ರಿ 10:58

ಹೈದರಾಬಾದಿನಲ್ಲಿ ಗುಜರಾತ್ ಪರ ಸಿರಾಜ್ 17 ರನ್ನಿಗೆ 4 ವಿಕೆಟ್. ಬುಧವಾರ ನಮ್ಮ ಮೂರು ವಿಕೆಟ್ ಕಿತ್ತಿದ್ದ, ಇವತ್ತು ಹೈದರಾಬಾದಿನವರದು. ನಾವು ಬಿಟ್ಟ ಮೇಲೆ ಎಲ್ಲರೂ ಚೆನ್ನಾಗಿ ಆಡುತ್ತಾರೆ. ಹಾಗೆ ನೋಡಿದರೆ ಮುಂಬೈ ಬಿಟ್ಟ ಕೃಣಾಲ್ ಪಾಂಡ್ಯ, ಟಿಮ್ ಡೇವಿಡ್ ನಾಳೆ ನಮಗೆ ಆಡುತ್ತಾರೆ. ಅಣ್ಣ ಕೆಂಪು, ತಮ್ಮ ನೀಲಿ. ಅವರ ಅಮ್ಮ ಏನು ಉಡುತ್ತಾರೋ.

ಅಂಕಿ ಅಣ್ಣ
ರಾತ್ರಿ 11:20

ನಿದ್ದೆ ಬರದವರಿಗೆ ಒಂದು ಸಂಖ್ಯೆ. ಚೆಪಾಕ್‌ನಲ್ಲಿ ಚೆನ್ನೈಯನ್ನು 2008ರ ನಂತರ ಸೋಲಿಸಿಯೇ ಇರಲಿಲ್ಲ. ಮೊನ್ನೆ ಮಾರ್ಚ್ 28ಕ್ಕೆ 50 ರನ್ನಿನಿಂದ ಸೋಲಿಸಿದರು. ಅಲ್ಲಿ ಹದಿನೇಳು ವರ್ಷದ ಬೀಗ ಒಡೆದಿದೆ. ಇಲ್ಲಿಯದು ಹತ್ತು ವರ್ಷದ್ದು. ಆದರೂ ಟಾಸ್ ಮುಖ್ಯ. ವಾಂಖೆಡೆಯಲ್ಲಿ ರಾತ್ರಿ ಇಬ್ಬನಿ ಬಿದ್ದರೆ ಚೆಂಡು ಸೋಪಿನ ಹಾಗೆ ಜಾರುತ್ತದೆ, ಸ್ಪಿನ್ನರ್‌ಗಳ ಗತಿ ಕೇಳಬೇಡಿ. ನಾವು ಎರಡನೆಯದಾಗಿ ಬ್ಯಾಟ್ ಮಾಡಬೇಕು. ಮೊದಲು ಮಾಡಿದರೆ 220 ಆದರೂ ಬೇಕು. 2023ರಲ್ಲಿ 199 ಹೊಡೆದಿದ್ದೆವು, 16.3 ಓವರಿಗೆ ಮುಗಿಸಿದರು.

ಡೊಂಬಿವಲಿ ಸ್ಲೋ
ಸೋಮವಾರ, ಏಪ್ರಿಲ್ 7, ಬೆಳಗ್ಗೆ 7:05

ರಾತ್ರಿ ನಿದ್ದೆ ಇಲ್ಲ. ಎರಡು ಗಂಟೆಗೆ ಎದ್ದು ಹೋಗುವುದಿಲ್ಲ ಎಂದು ನಿರ್ಧಾರ ಮಾಡಿದೆ. ಮಗನನ್ನು ಅವನ ಗೆಳೆಯನ ಅಪ್ಪನ ಜೊತೆ ಕಳಿಸುವುದು, ನಾನು ಮನೆಯಲ್ಲಿ ಟಿವಿ ಆರಿಸಿ ಕೂರುವುದು.

ಬೆಳಗ್ಗೆ ಅವನಿಗೆ ಹೇಳಿದೆ. ಹಲ್ಲುಜ್ಜುತ್ತಿದ್ದವನು ಬಾಯಿ ತುಂಬ ನೊರೆ ಇಟ್ಟುಕೊಂಡೇ ಓಡಿ ಬಂದ. ‘ಅಪ್ಪಾ, ನೀನು ಬರಲೇಬೇಕು. ನೀನು ಬಂದರೆ ಮುಂಬೈ ಗೆಲ್ಲುತ್ತೆ. ಆರಕ್ಕೆ ಆರು!’

ಇವನಿಗೆ ಈ ಲೆಕ್ಕ ಹೇಳಿಕೊಟ್ಟವರು ಯಾರು? ನಾನೇ. ಪ್ರತಿ ಸಲ ಸೋತು ಬಂದಾಗ ಊಟಕ್ಕೆ ಕೂತು ಹೇಳಿದ್ದು ನಾನೇ. ಈಗ ಸೋಫಾದ ಮೇಲೆ ಎರಡು ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದಾನೆ, ಒಂದು ನೀಲಿ, ಒಂದು ಕೆಂಪು. ನನ್ನದಕ್ಕೂ ಅವನೇ ಇಸ್ತ್ರಿ ಹಾಕಿದ್ದಾನೆ. ಕಾಲರ್ ಸ್ವಲ್ಪ ಸುಟ್ಟಿದೆ. ಬೇಕಂತಲೇ ಅಲ್ಲ ಎನ್ನುತ್ತಾನೆ.

ಘಾಟ್ಕೋಪರ್ ನೀಲಿ
ಬೆಳಗ್ಗೆ 7:20

ಈ ಹುಡುಗನನ್ನು ನಮ್ಮ ತಂಡದ ಮ್ಯಾನೇಜರ್ ಮಾಡಬೇಕು.

ಮುಲುಂಡ್ ಮಲ್ಲಿಗೆ
ಬೆಳಗ್ಗೆ 7:31

ಹೋಗಿ ಬನ್ನಿ ಸುಮ್ನೆ. ಇನ್ನು ನಾಲ್ಕು ವರ್ಷ ಹೋದರೆ ಅವನು ಗೆಳೆಯರ ಜೊತೆ ಹೋಗುತ್ತಾನೆ. ನೀವು ಬರುತ್ತೇನೆ ಅಂದರೂ ಬೇಡ ಅನ್ನುತ್ತಾನೆ. ನನ್ನ ಮಗ ಈಗ ಅದೇ ಮಾಡುತ್ತಿದ್ದಾನೆ.

ಮಾಟುಂಗಾ ಮಾವ
ಬೆಳಗ್ಗೆ 8:02

ಹೋಗು. ನಾನು ಬರುತ್ತಿದ್ದೆ, ಮಂಡಿ ಬಿಡುತ್ತಿಲ್ಲ. ನಿನ್ನ ಕಾಲಿನ ಮೇಲೆ ಅಷ್ಟು ಅನುಮಾನ ಇದ್ದರೆ ಆ ಆಳಂದದ ಹುಡುಗನ ಹಾಗೆ ಮಾಡು. ಮೈದಾನಕ್ಕೆ ಬೆನ್ನು ಹಾಕಿ ಕೂರು, ಮಗನ ಮುಖ ನೋಡುತ್ತಾ ಇರು. ಅವನು ಅತ್ತರೆ ನಾವು ಗೆದ್ದೆವು ಎಂದು ತಿಳಿ.

ಡೊಂಬಿವಲಿ ಸ್ಲೋ
ಮಧ್ಯಾಹ್ನ 1:15

ಆಫೀಸಿನಲ್ಲಿ ಹೊಟ್ಟೆನೋವು ಎಂದು ಹೇಳಿದ್ದೇನೆ. ಸುಳ್ಳೇನಲ್ಲ. ಮೂರು ದಿನದಿಂದ ಹೊಟ್ಟೆಯಲ್ಲಿ ಏನೋ ತಿರುಚುತ್ತಿದೆ.

ಭಾವ ಈಗ ಮಸ್ಕತ್‌ನಲ್ಲಿದ್ದಾರೆ. ಫೋನ್ ಮಾಡಿ, ಆ ದಿನ ಯಾವ ಕಾಲು ಮೊದಲು ಇಟ್ಟು ಒಳಗೆ ಹೋದಿರಿ ಎಂದು ಕೇಳಿದೆ. ‘ಹಿಂದಿನವರು ನೂಕಿದರು, ಎರಡೂ ಕಾಲು ಒಟ್ಟಿಗೆ ಹೋದವು’ ಎಂದರು.

ಡೊಂಬಿವಲಿ ಸ್ಲೋ
ಸಂಜೆ 5:48

ಚರ್ಚ್‌ಗೇಟ್. ಪಾರ್ಸೆಲ್ ತಮ್ಮ ಹೇಳಿದ್ದು ನಿಜ, ಕಿಟಕಿ ಸೀಟು ಸಿಕ್ಕಿತು. ಸ್ಟೇಷನ್ ಹೊರಗೆ ಕೆನ್ನೆಗೆ ಬಣ್ಣ ಬಳಿಯುವವರ ಸಾಲು. ಮಗ ಎರಡೂ ಕೆನ್ನೆಗೆ ನೀಲಿ ಹಾಕಿಸಿಕೊಂಡ. ನನಗೂ ಒಂದು ಕೆನ್ನೆಗೆ ಕೆಂಪು ಬಳಿಸಿದ, ದುಡ್ಡು ಕೊಡುವುದು ನಾನೇ ಅಲ್ವಾ. ನಾಣ್ಯಗಳನ್ನು ವಡಾಪಾವ್‌ನವನಿಗೆ ಕೊಟ್ಟು ಮುಗಿಸಿದ್ದೇನೆ. ಸಮುದ್ರದ ಕಡೆಯಿಂದ ಗಾಳಿ ಇದೆ, ಆದರೂ ಅಂಗಿ ಬೆನ್ನಿಗೆ ಅಂಟಿಕೊಂಡಿದೆ.

ಅಂಕಿ ಅಣ್ಣ
ರಾತ್ರಿ 7:03

ಟಾಸ್ ಮುಂಬೈ ಗೆದ್ದಿತು. ಫೀಲ್ಡಿಂಗ್ ತೆಗೆದುಕೊಂಡರು. ನಾವು ಮೊದಲು ಬ್ಯಾಟಿಂಗ್. ನಾನು ಹೇಳಿದ್ದೆ.

ವಾಕಡ್‌ನಿಂದ
ರಾತ್ರಿ 7:04

ಅಣ್ಣ ಆಗಲೇ ಒಳಗೆ ಹೋಗಿರಬೇಕು.

ಪೊವಾಯಿ ಪಾರ್ಸೆಲ್
ರಾತ್ರಿ 7:31

ಬೌಲ್ಟ್ ಮೊದಲ ಓವರ್. ಮೊದಲ ಎಸೆತಕ್ಕೇ ಸಾಲ್ಟ್ ಫೋರ್! ನೋಡಿದಿರಾ!

ಡೊಂಬಿವಲಿ ಸ್ಲೋ
ರಾತ್ರಿ 7:34

ಎರಡನೇ ಎಸೆತಕ್ಕೆ ಸಾಲ್ಟ್ ಬೌಲ್ಡ್. ಇಡೀ ಸ್ಟ್ಯಾಂಡ್ ಎದ್ದು ನಿಂತಿದೆ. ಮಗ ಕುಣಿಯುತ್ತಿಲ್ಲ. ನನ್ನ ಕಾಲನ್ನೇ ನೋಡುತ್ತಿದ್ದಾನೆ.

ಮಾಟುಂಗಾ ಮಾವ
ರಾತ್ರಿ 7:35

ಫೋನ್ ಒಳಗಿಡು. ಬೆನ್ನು ತಿರುಗಿಸಿ ಕೂರು.